ಮದ್ದಿನ ಮಾತಿಗೂ ಸನದು ಕೇಳೋಣ

ಬಂಟ್ವಾಳದಲ್ಲಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 75 ಘಾಟಿ ಹತ್ತಿ, ಹಾಸನ, ಬೆಂಗಳೂರು, ಕೋಲಾರ ದಾಟಿ ಮುಳಬಾಗಿಲಿಗೆ ಬರುತ್ತದೆ. ಅಲ್ಲಿಂದ ಒಂದಷ್ಟು ಒಳಗೆ ಹೋದರೆ ಕುರುಡುಮಲೆ. ವ್ಯಾಪಾರಕ್ಕೆಂದೋ ಮದ್ರಸದ ಕೆಲಸಕ್ಕೆಂದೋ ನಮ್ಮವರು ಊರು ಬಿಟ್ಟು ಈ ದಾರಿಯುದ್ದಕ್ಕೂ ಬಂದು ನೆಲೆಸಿದ್ದಾರೆ. ಕರಾವಳಿಯಲ್ಲಿ ಕಾಯಿಲೆ ಬಂದರೆ ಮಂಗಳೂರು, ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳು ಹತ್ತಿರ. ಇಲ್ಲಿ ಹಾಗಲ್ಲ. ಮೊದಲು ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆ, ಆಗದಿದ್ದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಅಥವಾ ಟಮಕದ ಜಾಲಪ್ಪ ಆಸ್ಪತ್ರೆ, ಅಲ್ಲೂ ಆಗದಿದ್ದರೆ ಬೆಂಗಳೂರು. ಒಂದು ದಿನದ ದುಡಿಮೆ ಹೋಯಿತು, ಬಸ್ ಚಾರ್ಜು ಹೋಯಿತು, ಜೊತೆಗೆ ಬಂದವರ ಊಟದ ಖರ್ಚು ಬೇರೆ. ಹಾಗಾಗಿ ಮೈಯಲ್ಲಿ ಏನಾದರೂ ಏರುಪೇರಾದರೆ ಜನ ಮೊದಲು ಕೈ ಹಾಕುವುದು ಜೇಬಿನಲ್ಲಿರುವ ಮೊಬೈಲಿಗೆ.

ಇದನ್ನು ತಪ್ಪು ಎಂದು ನಾವು ಹೇಳುವುದಿಲ್ಲ. ತನ್ನ ಕಾಯಿಲೆಯ ಬಗ್ಗೆ ತಿಳಿದುಕೊಳ್ಳಲು ಹೊರಟವನನ್ನು 'ಗೂಗಲ್ ಡಾಕ್ಟರ್' ಎಂದು ಹೀಯಾಳಿಸುವುದೂ ಸರಿಯಲ್ಲ. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬುವುದು ಮಾತ್ರ ಅಪಾಯ. ನಮಗೆ ಗೊತ್ತಿರುವ ಒಂದು ಮನೆಯ ಹಿರಿಯರು ಹಾಗಲಕಾಯಿ ರಸದ ವೀಡಿಯೊ ನೋಡಿ ಶುಗರ್ ಮಾತ್ರೆ ಬಿಟ್ಟರು. ನಾಲ್ಕು ತಿಂಗಳ ನಂತರ ಕಾಲಿನ ಸಣ್ಣ ಗಾಯ ಮಾಗದೆ ಹೋದಾಗಲೇ ಮನೆಯವರಿಗೆ ವಿಷಯ ಗೊತ್ತಾದದ್ದು. ಆ ವೀಡಿಯೊ ಕಳಿಸಿದವರು ಯಾರು, ಅದರಲ್ಲಿ ಮಾತಾಡಿದವರು ಯಾರು ಎಂದು ಕೇಳಿದರೆ ಉತ್ತರವೇ ಇಲ್ಲ. 'ಗ್ರೂಪಿನಲ್ಲಿ ಬಂತು' ಅಷ್ಟೆ.

ಮದ್ರಸದಲ್ಲಿ ಕೂತವರಿಗೆ ಇದು ಅರ್ಥವಾಗದ ವಿಷಯವಲ್ಲ. ಹದೀಸ್ ಕಲಿಯುವಾಗ ಮೊದಲ ಪ್ರಶ್ನೆಯೇ ಸನದು: ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಅವರ ನೆನಪು ಮತ್ತು ನಡತೆ ಹೇಗಿತ್ತು? ನಡುವೆ ಒಬ್ಬರು ಗುರುತಿಲ್ಲದವರು ಬಂದರೂ ಆ ವರದಿಯ ತೂಕ ಇಳಿಯುತ್ತದೆ. ದೀನಿನ ಮಾತಿಗೆ ಇಷ್ಟು ಎಚ್ಚರ ವಹಿಸುವ ಸಮುದಾಯ ಜೀವದ ಮಾತಿಗೆ ಮಾತ್ರ ಸನದು ಕೇಳುವುದಿಲ್ಲ ಎಂದರೆ ಹೇಗೆ?

ಸನದು ಇರುವ ದಾರಿ ಮೊಬೈಲಿನಲ್ಲೇ ಇದೆ. ಕೇಂದ್ರ ಆರೋಗ್ಯ ಇಲಾಖೆಯ ಇ-ಸಂಜೀವಿನಿ ಸೇವೆಯಲ್ಲಿ ರೋಗಿ ಮನೆಯಿಂದಲೇ ವೀಡಿಯೊ ಮೂಲಕ ವೈದ್ಯರನ್ನು ಕಾಣುವ ವ್ಯವಸ್ಥೆ ಕೊರೋನಾ ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಏಪ್ರಿಲ್‌ನಲ್ಲಿ ಶುರುವಾಯಿತು. ಇದಕ್ಕೆ ಹಣ ಕೊಡಬೇಕಿಲ್ಲ, ಚೀಟಿಯೂ ಮೊಬೈಲಿಗೇ ಬರುತ್ತದೆ. ಅದಕ್ಕೂ ಮೊದಲು, 2020ರ ಮಾರ್ಚ್ 25ರಂದು, ದೂರದಿಂದ ವೈದ್ಯ ಮಾಡುವವರಿಗೆ ಸರ್ಕಾರ ನಿಯಮ ಹೊರಡಿಸಿತು. ಅದರ ಪ್ರಕಾರ ವೈದ್ಯರು ಚೀಟಿಯಲ್ಲಿ ತಮ್ಮ ನೋಂದಣಿ ಸಂಖ್ಯೆ ತೋರಿಸಬೇಕು. ಸನದು ಎಂದರೆ ಇದೇ. ನೋಂದಣಿ ಸಂಖ್ಯೆ ಇಲ್ಲದ ಸಲಹೆ ಎಷ್ಟೇ ಸಿಹಿಯಾಗಿರಲಿ, ನಂಬಿ ಮದ್ದು ಬದಲಿಸಬಾರದು. ಇಂಟರ್‌ನೆಟ್ ಬಳಸಲು ಬಾರದವರು 104ಕ್ಕೆ ಫೋನ್ ಮಾಡಿ ಆರೋಗ್ಯ ಸಲಹೆ ಕೇಳಬಹುದು. ಎದೆನೋವು, ಉಸಿರುಕಟ್ಟು, ಬಾಯಿ ಸೊಟ್ಟಗಾಗುವುದು ಇಂಥದ್ದಕ್ಕೆ ಮಾತ್ರ ವೀಡಿಯೊ ಎಂದು ಕೂರದೆ ನೇರ 108ಕ್ಕೆ ಫೋನ್ ಮಾಡಬೇಕು.

ರೋಗಿ ತಾನೇ ಮುಂದೆ ಬಂದು ತಿಳಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಡೇವ್ ಡಿಬ್ರಾಂಕಾರ್ಟ್ ಎಂಬವರ ಉದಾಹರಣೆ ಇದೆ. 2007ರಲ್ಲಿ ಅವರಿಗೆ ಮೂತ್ರಪಿಂಡದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಗಲೇ ಬೇರೆ ಕಡೆಗೂ ಹರಡಿತ್ತು. ಅದೇ ಕಾಯಿಲೆಯವರ ಇಂಟರ್‌ನೆಟ್ ಬಳಗವೊಂದನ್ನು ಸೇರಲು ಹೇಳಿದವರು ಅವರ ವೈದ್ಯರೇ. ಅಲ್ಲಿ ಸಿಕ್ಕ ಮಾಹಿತಿ ಹಿಡಿದು ಪ್ರಶ್ನೆ ಕೇಳಿದರು, ಆಸ್ಪತ್ರೆಯಲ್ಲೇ ಚಿಕಿತ್ಸೆ ಪಡೆದರು, ಗುಣವಾದರು. 2009ರಲ್ಲಿ ತಮ್ಮ ದಾಖಲೆಗಳನ್ನು ಇಂಟರ್‌ನೆಟ್‌ಗೆ ತರಿಸಿಕೊಂಡು ನೋಡಿದರೆ ತಮಗೆ ಇಲ್ಲದ ಕಾಯಿಲೆಗಳೂ ಅದರಲ್ಲಿದ್ದವು! ಬಿಲ್ಲಿಗೆಂದು ಹಾಕಿದ ಸಂಕೇತಗಳು ಕಾಯಿಲೆಯ ಪಟ್ಟಿಯಾಗಿಬಿಟ್ಟಿದ್ದವು. ಇದರಲ್ಲಿ ನಮಗೆ ಎರಡು ಪಾಠ. ಅವರು ವೈದ್ಯರನ್ನು ಬಿಟ್ಟು ಇಂಟರ್‌ನೆಟ್ ಹಿಡಿದವರಲ್ಲ, ವೈದ್ಯರ ಜೊತೆಗೇ ಹಿಡಿದವರು. ಮತ್ತೆ, ತನ್ನ ದಾಖಲೆಯನ್ನು ತಾನೇ ಓದದಿದ್ದರೆ ಆ ತಪ್ಪು ಹಾಗೇ ಉಳಿಯುತ್ತಿತ್ತು.

ನಮ್ಮಲ್ಲಿ ದಾಖಲೆ ಎಂದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಹಳೇ ಚೀಟಿಗಳು. ಅವೂ ಮನೆ ಬದಲಿಸುವಾಗ ಕಳೆದುಹೋಗುತ್ತವೆ. ಆಸ್ಪತ್ರೆಯ ದಾಖಲೆ ಕೇಳಲು ನಮ್ಮವರಿಗೆ ಅಂಜಿಕೆ. ಆದರೆ 2002ರ ವೈದ್ಯಕೀಯ ನೀತಿ ನಿಯಮಗಳೇ ಹೇಳುತ್ತವೆ: ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇದು ವೈದ್ಯರ ಉಪಕಾರವಲ್ಲ, ನಮ್ಮ ಹಕ್ಕು. 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡರೆ ದಾಖಲೆಗಳನ್ನು ಅದರೊಂದಿಗೆ ಜೋಡಿಸಬಹುದು. ನಾವು ಒಪ್ಪಿದರೆ ಮಾತ್ರ ಬೇರೆ ವೈದ್ಯರು ಅದನ್ನು ನೋಡಬಹುದು. ಅದು ಬೇಡವೆಂದರೆ ಪ್ರತಿ ಚೀಟಿಯ ಫೋಟೊ ತೆಗೆದು, ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಬೇರೆ ಬೇರೆ ಇಟ್ಟುಕೊಂಡರೂ ಸಾಕು.

ದಾಖಲೆ ಇದ್ದರೆ ಪ್ರಶ್ನೆ ಹುಟ್ಟುತ್ತದೆ. ಶುಗರ್ ಇರುವವರು ಬೆಳಗಿನ ಒಂದು ಪರೀಕ್ಷೆ ನೋಡಿ ಸಮಾಧಾನಪಡುತ್ತಾರೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ ಎಂದು ತಿಳಿದವರು ವೈದ್ಯರ ಮುಂದೆ ಅದನ್ನೇ ಕೇಳುತ್ತಾರೆ. ರಮಝಾನ್ ಬರುವ ಒಂದು ತಿಂಗಳು ಮೊದಲೇ 'ನನಗೆ ಉಪವಾಸ ಆಗುತ್ತದಾ, ಮಾತ್ರೆ ಯಾವ ಹೊತ್ತಿಗೆ, ಇನ್ಸುಲಿನ್ ಎಷ್ಟು' ಎಂದು ಕೇಳಿಕೊಂಡವರು ಸಹರಿಗೂ ಇಫ್ತಾರಿಗೂ ನಡುವೆ ತಲೆಸುತ್ತಿ ಬೀಳುವ ಅಪಾಯ ಕಡಿಮೆ.

ಕೋಲಾರ ಜಿಲ್ಲೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದು ನೀರಿನದು. ಇಲ್ಲಿಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಮಿತಿ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರ ಕೀಲು, ಬೆನ್ನು ಬಿಗಿಯುವುದು. ಮೊಬೈಲಿನಲ್ಲಿ 'ಮಂಡಿನೋವು' ಎಂದು ಹುಡುಕಿದರೆ ಎಣ್ಣೆ, ಮಾತ್ರೆಗಳ ಜಾಹೀರಾತು ಸುರಿಯುತ್ತದೆ. ನೀವು ಕುಡಿಯುವ ನೀರು ಯಾವುದು ಎಂದು ಅದು ಕೇಳುವುದಿಲ್ಲ. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡ ಕೆಡಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಆದ್ದರಿಂದ ಇಲ್ಲಿ ನೆಲೆಸಿದ ನಮ್ಮವರು ಮನೆಯ ನೀರನ್ನು ಪರೀಕ್ಷೆ ಮಾಡಿಸಿ, ಆ ಚೀಟಿಯನ್ನೂ ವೈದ್ಯರ ಮುಂದಿಡಬೇಕು. ಇಂಟರ್‌ನೆಟ್ ಹೇಳದ ಸ್ಥಳೀಯ ಸತ್ಯವನ್ನು ಹೇಳಬೇಕಾದವರು ನಾವೇ.

ಮನೆಯೊಳಗಿನ ಒಂದು ಮಾತನ್ನೂ ಹೇಳಲೇಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಮೊಬೈಲ್ ಗಂಡಸರ ಕೈಯಲ್ಲಿ. ಒಟಿಪಿ ಬರುವುದು ಗಂಡನ ನಂಬರಿಗೆ, ರಿಪೋರ್ಟ್ ಬರುವುದು ಮಗನ ವಾಟ್ಸಾಪಿಗೆ. ಉಮ್ಮನ ರಿಪೋರ್ಟ್ ಗಲ್ಫಿನಲ್ಲಿರುವ ಮಗನಿಗೆ ಹೋಗುತ್ತದೆ, ಅವನು ರೂಮಿನ ಗೆಳೆಯರಿಗೆ ತೋರಿಸುತ್ತಾನೆ, ಅಲ್ಲಿಂದ ಕುಟುಂಬದ ಗ್ರೂಪಿಗೆ. ಕೊನೆಗೆ ವಿಷಯ ಎಲ್ಲರಿಗೂ ಗೊತ್ತು, ಉಮ್ಮನಿಗೆ ಮಾತ್ರ ಗೊತ್ತಿಲ್ಲ! ಮಗನ ಕಾಳಜಿ ನಿಜವೇ. ಆದರೆ ಮೈ ಯಾರದೋ ಮೊದಲ ಮಾತು ಅವರಿಗೇ ಸೇರಬೇಕು. ಹೆಣ್ಣುಮಕ್ಕಳಿಗೆ ತಮ್ಮ ರಿಪೋರ್ಟನ್ನು ತಾವೇ ನೋಡುವಷ್ಟು, ಒಂದು ವೀಡಿಯೊ ಕರೆಯಲ್ಲಿ ವೈದ್ಯರ ಜೊತೆ ಒಂಟಿಯಾಗಿ ಮಾತಾಡುವಷ್ಟು ಅವಕಾಶ ಮನೆಯಲ್ಲಿ ಸಿಗಬೇಕು. ನಾಚಿಕೆಯಿಂದ ಬಾಯಿ ಬಿಡದೆ ಬೆಳೆದ ಗಂಟುಗಳು, ಹೇಳದೆ ಉಳಿದ ರಕ್ತಸ್ರಾವ ಎಷ್ಟೋ ಪ್ರಾಣ ತೆಗೆದಿವೆ.

ಜಮಾಅತ್‌ಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ. ಓದಿದ ಇಬ್ಬರು ಯುವಕರು, ಇಬ್ಬರು ಯುವತಿಯರು ವಾರಕ್ಕೆ ಒಂದು ಗಂಟೆ ಕೂತರೆ ಸಾಕು. ಆಭಾ ಮಾಡಿಕೊಡುವುದು, ಇ-ಸಂಜೀವಿನಿ ತೆರೆದು ಕೊಡುವುದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇರುವ ಸೌಲಭ್ಯವನ್ನು ಆಸ್ಪತ್ರೆಗೆ ಸೇರುವ ಮೊದಲೇ ತಿಳಿಸುವುದು, ವೈದ್ಯರಿಗೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಡುವುದು. ಅವರು ಮದ್ದು ಹೇಳಬಾರದು, ಯಾರ ಕಾಯಿಲೆಯನ್ನೂ ಹೊರಗೆ ಆಡಬಾರದು. ಈ ಎರಡು ಷರತ್ತು ಮೊದಲೇ ಇರಲಿ.

ವೈದ್ಯರಲ್ಲೂ ನಮ್ಮದೊಂದು ಅರಿಕೆ. ಸರದಿ ಉದ್ದ ಇರುತ್ತದೆ, ಸಮಯ ಇರುವುದಿಲ್ಲ, ಒಪ್ಪುತ್ತೇವೆ. ಆದರೂ ರೋಗಿ ಕಾಗದ ಹಿಡಿದು ಪ್ರಶ್ನೆ ಕೇಳಿದರೆ ಅದನ್ನು ಉದ್ಧಟತನ ಎಂದು ತಿಳಿಯಬೇಡಿ. ನಿಮ್ಮ ಎರಡು ನಿಮಿಷದ ಉತ್ತರ ಸಿಗದಿದ್ದರೆ, ಅವರು ಅದೇ ಉತ್ತರವನ್ನು ಗುರುತಿಲ್ಲದವರ ವೀಡಿಯೊದಲ್ಲಿ ಹುಡುಕುತ್ತಾರೆ.

ಓದುಗರಲ್ಲಿ ಕೇಳುವುದು ಇಷ್ಟೇ. ಈ ವಾರ ಮನೆಯ ಹಿರಿಯರ ಚೀಟಿಗಳನ್ನು ಒಂದು ಕಡೆ ಸೇರಿಸಿ, ಯಾವ ಮಾತ್ರೆ ಯಾಕೆ ಎಂದು ಅವರ ಜೊತೆಗೇ ಕೂತು ಓದಿ. ಗೊತ್ತಾಗದ್ದನ್ನು ಬರೆದಿಟ್ಟು ವೈದ್ಯರಲ್ಲಿ ಕೇಳಿ. ಮದ್ದಿನ ಯಾವ ಮೆಸೇಜ್ ಬಂದರೂ, ಮುಂದಕ್ಕೆ ಕಳಿಸುವ ಮೊದಲು, ಇದರ ಸನದು ಎಲ್ಲಿ ಎಂದು ಒಮ್ಮೆ ನೋಡಿ. ಸನದು ಸಿಗದಿದ್ದರೆ ಅದು ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.