ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮನೆಯ ಕಂಪ್ಯೂಟರು ಕೆಲಸದ ನಡುವೆ ಮುನ್ಸೂಚನೆಯಿಲ್ಲದೆ ಆರಿಹೋಗಿ, ಮರುಕ್ಷಣ ತಾನಾಗಿಯೇ ಎಚ್ಚತ್ತರೆ ಎಲ್ಲರ ಸಂಶಯವೂ ಮೊದಲು ವೈರಸ್ಸಿನ ಮೇಲೆ ಹರಿಯುತ್ತದೆ. ಆಮೇಲೆ, ಹಿಂದಿನ ರಾತ್ರಿ ಆಟವಾಡಿದ ಮಗನ ಮೇಲೆ. ಸಾಫ್ಟ್‌ವೇರನ್ನು ಅಳಿಸಿ ಮತ್ತೆ ತುಂಬಿದ್ದಾಯಿತು. ಹೊಸ ಮೆಮೊರಿ ಕೊಂಡದ್ದೂ ಆಯಿತು. ರೋಗ ಮಾತ್ರ ಇದ್ದಲ್ಲೇ ಇದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಹ ಚಿಕಿತ್ಸೆ ಇದು. ಜ್ವರ ಬಂದಿರುವುದು ಎಷ್ಟೋ ವೇಳೆ, ಯಂತ್ರದ ಮೂಲೆಯಲ್ಲಿ ಫ್ಯಾನು ತಿರುಗಿಸುತ್ತ ಕುಳಿತಿರುವ ತಗಡಿನ ಪೆಟ್ಟಿಗೆಗೆ, ಅಂದರೆ ಪವರ್ ಸಪ್ಲೈಗೆ.

ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ಏಕಮುಖ ವಿದ್ಯುತ್ತಾಗಿ ಮಾಡಿ ಒಂದೊಂದು ಅಂಗಕ್ಕೂ ಬಡಿಸುವುದು ಇದರ ಕಾಯಕ. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎಟಿಎಕ್ಸ್ ಕ್ರಮದಲ್ಲಿ ಬಹುಕಾಲ ನಡೆದುಬಂದ ಕಟ್ಟಳೆಯಂತೆ, ಶೇಕಡಾ 5ಕ್ಕಿಂತ ಹೆಚ್ಚಿನ ಏರಿಳಿತ ಸಲ್ಲದು. 12 ವೋಲ್ಟು 11.4ಕ್ಕಿಂತ ಕೆಳಗಿಳಿಯಬಾರದು, 12.6ನ್ನು ಮೀರಬಾರದು, 5 ವೋಲ್ಟು 4.75ರಿಂದ 5.25ರೊಳಗೆ ನಿಲ್ಲಬೇಕು.

ಆದರೆ ಅಳೆಯುವ ವೇಳೆಯೇ ಇಲ್ಲಿ ಮುಖ್ಯ. ಜಗುಲಿಯ ಮೇಲೆ ಕುಳಿತವನ ಏದುಸಿರು ತಿಳಿಯುವುದುಂಟೆ? ಅವನು ಬೆಟ್ಟ ಹತ್ತಬೇಕು. ಸುಮ್ಮನಿರುವ ಯಂತ್ರದಲ್ಲಿ ಸರಿಯಾಗಿ ತೋರುವ 12 ವೋಲ್ಟು, ವಿಡಿಯೋ ಸಂಕಲನವೋ ಭಾರಿ ಆಟವೋ ಆರಂಭವಾದೊಡನೆ ಕುಸಿಯುವುದುಂಟು. ಆದ್ದರಿಂದ ಭಾರವಿಲ್ಲದಾಗ ಒಮ್ಮೆ, ಭಾರ ಹೊತ್ತಾಗ ಒಮ್ಮೆ, ಬಲ್ಲ ತಂತ್ರಜ್ಞರಿಂದ ಮಲ್ಟಿಮೀಟರಿನಲ್ಲಿ ಅಳೆಯಿಸುವುದು ವಿಹಿತ. ಪರದೆಯ ಮೇಲೆ ಸಾಫ್ಟ್‌ವೇರು ತೋರಿಸುವ ಅಂಕಿ ಮದರ್‌ಬೋರ್ಡಿನ ಸಂವೇದಕ ನುಡಿದ ಸಾಕ್ಷ್ಯ ಮಾತ್ರ. ಅದು ತಪ್ಪುವುದೂ ಉಂಟು. ಮಲ್ಟಿಮೀಟರೂ ಎಲ್ಲವನ್ನೂ ಬಲ್ಲದ್ದಲ್ಲ. ಪೆಟ್ಟಿಗೆಯೊಳಗಿನ ಕೆಪಾಸಿಟರುಗಳು ವರ್ಷಗಟ್ಟಲೆ ಕಾವಿನಲ್ಲಿ ಬೆಂದು ಮುಪ್ಪಾದಾಗ ವಿದ್ಯುತ್ತಿನಲ್ಲಿ ಏಳುವ ಕಿರುಅಲೆಗಳನ್ನು ಕಾಣಬೇಕಾದರೆ ಆಸಿಲೋಸ್ಕೋಪು ಬೇಕು.

ಹಾಗಾದರೆ ನಿರ್ಣಯ ಹೇಗೆ? ಪ್ರೊಸೆಸರು ಅತಿಯಾಗಿ ಕಾದರೂ, ಮೆಮೊರಿ ಕೆಟ್ಟರೂ ಇದೇ ಲಕ್ಷಣಗಳು ತೋರುತ್ತವೆ. ಆದುದರಿಂದ ಮೊದಲು ಧೂಳು ತೆಗೆಸಿ ಕಾವನ್ನು ನೋಡಬೇಕು, ಮೆಮೊರಿಯನ್ನು ಪರೀಕ್ಷಿಸಬೇಕು. ಬಳಿಕ, ಸಾಕಷ್ಟು ಶಕ್ತಿಯುಳ್ಳ, ಸುಸ್ಥಿತಿಯಲ್ಲಿರುವುದೆಂದು ತಿಳಿದ ಇನ್ನೊಂದು ಪವರ್ ಸಪ್ಲೈಯನ್ನು ಅದರದೇ ಕೇಬಲ್ಲುಗಳೊಡನೆ ಜೋಡಿಸಿ ಅದೇ ಕೆಲಸವನ್ನು ಮಾಡಿಸಬೇಕು. ದೋಷ ಮತ್ತೆ ತಲೆದೋರದಿದ್ದರೆ ಅಪರಾಧಿ ಸಿಕ್ಕಿದಂತೆಯೇ.

ಎರಡು ಎಚ್ಚರಿಕೆಗಳುಂಟು. ಪ್ಲಗ್ಗು ಕಿತ್ತ ಮೇಲೆಯೂ ಕೆಪಾಸಿಟರುಗಳಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಆ ಪೆಟ್ಟಿಗೆಯನ್ನು ಮನೆಯವರಾರೂ ಬಿಚ್ಚಬಾರದು. ಎರಡನೆಯದು ಇನ್ನೂ ಹತ್ತಿರದ್ದು. ಬರೆಯುತ್ತಿರುವಾಗಲೇ ಯಂತ್ರ ಆರಿದರೆ ಡಿಸ್ಕಿನಲ್ಲಿನ ಕಡತಗಳು ಕೆಡಬಹುದು. ಪವರ್ ಸಪ್ಲೈ ಅಂಗಡಿಯಲ್ಲಿ ದೊರೆಯುತ್ತದೆ. ಮಗಳ ಮದುವೆಯ ಚಿತ್ರಗಳು, ತೀರಿಹೋದ ಅಜ್ಜಿಯ ಧ್ವನಿ ಯಾವ ಅಂಗಡಿಯಲ್ಲಿಯೂ ದೊರೆಯವು. ಯಂತ್ರ ಮೊದಲ ಸಲ ಅಕಾರಣವಾಗಿ ಆರಿದ ದಿನವೇ ಅವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಪರೀಕ್ಷೆ, ಚಿಕಿತ್ಸೆಗಳೆಲ್ಲ ಅನಂತರ.