ಸೆಕೆಂಡಿಗೆ ಎಷ್ಟು?

ಮುಂಗಾರು ಮೊದಲಾಯಿತೆಂದರೆ ಹೊಸಪೇಟೆ, ಕಂಪ್ಲಿಗಳ ಕಡೆಯ ರೈತರ ಬಾಯಲ್ಲಿ ಎರಡೇ ಪ್ರಶ್ನೆಗಳು. ತುಂಗಭದ್ರಾ ಅಣೆಕಟ್ಟಿಗೆ ಒಳಹರಿವು ಎಷ್ಟು ಕ್ಯೂಸೆಕ್? ಜಲಾಶಯದಲ್ಲಿ ಸಂಗ್ರಹವಾಗಿರುವುದು ಎಷ್ಟು ಟಿಎಂಸಿ? ಶಾಲೆಯ ಮೆಟ್ಟಿಲು ಹತ್ತದವರು ಕೂಡ ಈ ಎರಡು ಅಳತೆಗಳನ್ನು ಒಂದರೊಡನೊಂದು ಬೆರೆಸುವುದಿಲ್ಲ. ಕ್ಯೂಸೆಕ್ ಹರಿಯುವ ನೀರಿನ ಅಳತೆ, ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ನಿಂತ ನೀರಿನ ಅಳತೆ, ನೂರು ಕೋಟಿ ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಹರಿದರೆ ಒಂದು ಟಿಎಂಸಿ ತುಂಬುತ್ತದೆ.

ನೀರಿನ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾವು ಮಾಹಿತಿಯ ಹರಿವಿನ ವಿಷಯದಲ್ಲಿ ಮಾತ್ರ ಮೈಮರೆಯುತ್ತೇವೆ. ಸಂಡೂರು ತಾಲ್ಲೂಕಿನ ಬಂಡ್ರಿಯ ಒಂದು ಮನೆಗೆ "100 ಎಂಬಿ ವೇಗ"ದ ಅಂತರಜಾಲ ಸಂಪರ್ಕ ಬಂದಿತೆಂದು ಭಾವಿಸಿರಿ. ಆ ಮನೆಯ ಹುಡುಗಿ 100 ಎಂಬಿ ಗಾತ್ರದ ಪಾಠವೊಂದನ್ನು ತರಿಸಿಕೊಳ್ಳಲು ಹೊರಟರೆ, ಒಂದು ಸೆಕೆಂಡಿನಲ್ಲಿ ಬರಬೇಕಾದುದಕ್ಕೆ ಎಂಟು ಸೆಕೆಂಡು ಹಿಡಿಯುತ್ತದೆ. ಮನೆಯವರು ಸಂಪರ್ಕವೇ ಕೆಟ್ಟಿದೆಯೆಂದು ದೂರುತ್ತಾರೆ. ವಾಸ್ತವದಲ್ಲಿ ವೇಗವನ್ನು ಹೇಳಿದ್ದು ಬಿಟ್‌ಗಳಲ್ಲಿ, ಪಾಠದ ಗಾತ್ರವನ್ನು ಹೇಳಿದ್ದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಮೆಗಾಬಿಟ್, ಮೆಗಾಬೈಟ್ ಎರಡನ್ನೂ "ಎಂಬಿ" ಎಂದೇ ಕರೆಯುವ ರೂಢಿಯು ಸೇರನ್ನೂ ಪಾವನ್ನೂ ಒಂದೇ ಹೆಸರಿನಿಂದ ಕರೆದಂತೆ. ಇಂಥ ಅಂಗಡಿಯಲ್ಲಿ ಯಾರಾದರೂ ಅಕ್ಕಿ ಕೊಳ್ಳುವರೆ?

ಈ ಗೊಂದಲ ಇಂದಿನದಲ್ಲ. ಗಣಕಯಂತ್ರದ ಸಂಕೇತಗಳನ್ನು ದೂರವಾಣಿಯ ತಂತಿಯಲ್ಲಿ ಸಾಗಬಲ್ಲ ಧ್ವನಿಯಾಗಿ ಮಾರ್ಪಡಿಸುವ ಪೆಟ್ಟಿಗೆಗೆ ಮೋಡೆಮ್ ಎಂದು ಹೆಸರು. 1960ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಬೆಲ್ 103 ಮೋಡೆಮ್‌ನ ವೇಗ ಸೆಕೆಂಡಿಗೆ 300 ಬಿಟ್. ಅದನ್ನು ಸಾಮಾನ್ಯವಾಗಿ ಹತ್ತರಿಂದ ಭಾಗಿಸುತ್ತಿದ್ದರು. ಏಕೆಂದರೆ ಪ್ರತಿ ಅಕ್ಷರದ ಆರಂಭಕ್ಕೆ ಒಂದು, ಅಂತ್ಯಕ್ಕೆ ಒಂದು ಗುರುತಿನ ಬಿಟ್ ಸೇರುತ್ತಿತ್ತು. ಹೀಗೆ ಸೆಕೆಂಡಿಗೆ 30 ಇಂಗ್ಲಿಷ್ ಅಕ್ಷರಗಳು. ನಮ್ಮ ನುಡಿಗೆ ಅಷ್ಟೂ ದಕ್ಕದು. ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. "ಸಂಡೂರು" ಎಂಬ ಪದಕ್ಕೆ 18. ಆ ಮೋಡೆಮ್‌ನಲ್ಲಿ ಊರಿನ ಹೆಸರೊಂದನ್ನು ಕಳುಹಿಸಲು ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಬೇಕಾಗುತ್ತಿತ್ತು!

ಆಗ ಬಾಡ್ ಎಂಬ ಇನ್ನೊಂದು ಅಳತೆಯೂ ಇದ್ದಿತು. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳನ್ನು ಎಣಿಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗಂಟೆಗೆ ಎಷ್ಟು ಲಾರಿಗಳು ಹಾದುಹೋದವು ಎಂಬುದು ಒಂದು ಲೆಕ್ಕ, ಎಷ್ಟು ಟನ್ ಅದಿರು ಹೋಯಿತು ಎಂಬುದು ಬೇರೊಂದು ಲೆಕ್ಕ. ಬಾಡ್ ಲಾರಿಯ ಎಣಿಕೆ, ಬಿಟ್ ಅದಿರಿನ ತೂಕ. ವಿ.32 ಎಂಬ ಬಗೆಯ ಮೋಡೆಮ್ ಸೆಕೆಂಡಿಗೆ 2400 ಸಂಕೇತಗಳನ್ನೇ ಕಳುಹಿಸಿದರೂ ಪ್ರತಿಯೊಂದರ ಮೇಲೆ ನಾಲ್ಕು ಬಿಟ್ ಹೇರುತ್ತಿದ್ದುದರಿಂದ 9600 ಬಿಟ್ ಸಾಗುತ್ತಿದ್ದವು. ಅದನ್ನು "9600 ಬಾಡ್" ಎಂದು ಕರೆದವರು ಲಾರಿಗೂ ಟನ್ನಿಗೂ ಭೇದವೆಣಿಸಲಿಲ್ಲ.

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಭಾರತದ ಜನರಿಗೆ ಅಂತರಜಾಲವನ್ನು ತೆರೆದಾಗ ದೂರವಾಣಿಯ ಮೂಲಕ ದೊರೆತ ವೇಗ ಇದೇ 9600 ಬಿಟ್. ಮುಂದೆ 56,000 ಬಿಟ್‌ನ ಮೋಡೆಮ್ ಬಂದಿತು. ಅಂದರೆ ಹೆಚ್ಚೆಂದರೆ ಸೆಕೆಂಡಿಗೆ 7000 ಬೈಟ್. ಅಲ್ಲಿಗೆ ತಂತಿಯ ಶಕ್ತಿ ಮುಗಿಯಿತು. ಅಂಕೀಯ ದೂರವಾಣಿ ಕೇಂದ್ರವು ಒಂದು ಕರೆಗೆಂದು ಮೀಸಲಿಡುವುದೇ 64,000 ಬಿಟ್: ಮನುಷ್ಯನ ದನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರೆ ಬರುವ ಮೊತ್ತವದು. ಮಾತಿಗಾಗಿ ತೋಡಿದ ಕಾಲುವೆಯಲ್ಲಿ ಅದಕ್ಕಿಂತ ಹೆಚ್ಚು ಹರಿಸುವುದು ಸಾಧ್ಯವಿರಲಿಲ್ಲ.

ಸರ್ಕಾರದ ಲೆಕ್ಕದಲ್ಲಿ "ಬ್ರಾಡ್‌ಬ್ಯಾಂಡ್" ಎನಿಸಿಕೊಳ್ಳಲು 2004ರಲ್ಲಿ 256 ಕಿಲೋಬಿಟ್ ಸಾಕಾಗಿತ್ತು. 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಮೆಗಾಬಿಟ್. ಹೆಸರು ಅದೇ ಉಳಿದು ವಸ್ತು ಎಂಟು ಪಟ್ಟು ಬೆಳೆಯಿತು. ಆದಕಾರಣ ಹೆಸರನ್ನು ನಂಬಿ ಕೂರುವುದು ತಪ್ಪೆಂದು ನಾನು ಹೇಳುತ್ತೇನೆ. ಲೆಕ್ಕವೆಲ್ಲ ಯಂತ್ರದ ಪಾಲಿಗಿರಲಿ, ನಮಗೇಕೆ ಈ ತಲೆನೋವು ಎನ್ನುವವರುಂಟು. ಯಂತ್ರ ಲೆಕ್ಕ ಮಾಡುತ್ತದೆ, ನಿಜ. ಹಣ ತೆರುವವರು ನಾವು.

ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ತಂತಿಯನ್ನು ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಪಂಚಾಯಿತಿಗೆ 100 ಮೆಗಾಬಿಟ್ ಅದರ ಗುರಿಯಾಗಿತ್ತು. ಹಳೆಯ 9600ರ ಮುಂದೆ ಇದು ಹತ್ತು ಸಾವಿರ ಪಟ್ಟಿಗೂ ಮಿಗಿಲು, ಹಿಗ್ಗಬೇಕಾದ ಮಾತೇ. ಆದರೆ ಐವತ್ತು ಮನೆಗಳು ಏಕಕಾಲಕ್ಕೆ ಅದನ್ನು ಹಂಚಿಕೊಂಡರೆ ಮನೆಗೆ 2 ಮೆಗಾಬಿಟ್, ಅಂದರೆ 250 ಕಿಲೋಬೈಟ್. ಆಗ ಆ ಹುಡುಗಿಯ ಪಾಠ ಬಂದು ಮುಟ್ಟಲು 400 ಸೆಕೆಂಡು ಬೇಕು. ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರೆಂದು ಕೇಳಿ ಸುಮ್ಮನಾಗದೆ, ತನ್ನ ಹೊಲದ ತೂಬಿಗೆ ಎಷ್ಟು ಬಂದಿತೆಂದು ಕಾಲುವೆಯ ಕೊನೆಯ ರೈತ ಕೇಳುತ್ತಾನೆ. ಬಂಡ್ರಿಯ ಮನೆಯವರೂ ಹಾಗೆಯೇ ಕೇಳಬೇಕು.