ವುಡರ್ಡ್ ಗಳಿಸಿದ 3,649 ಅಂಕ ಯಾವ ಲೆಕ್ಕಕ್ಕೆ?

2024ರ ಫೆಬ್ರುವರಿ 15. ಅಯೋವಾ ವಿಶ್ವವಿದ್ಯಾಲಯದ ಕಾರ್ವರ್-ಹಾಕೈ ಅಂಗಣ ಕಿಕ್ಕಿರಿದಿತ್ತು. ಕೇಟ್ಲಿನ್ ಕ್ಲಾರ್ಕ್‌ಗೆ ಅಂದು ಬೇಕಿದ್ದದ್ದು ಎಂಟೇ ಅಂಕ. ಮಿಷಿಗನ್ ವಿರುದ್ಧದ ಪಂದ್ಯದ ಮೊದಲ ಕಾಲುಭಾಗ ಮುಗಿಯುವ ಮುನ್ನವೇ, ಅಂಕಣದ ನಡುವಿನ ಲಾಂಛನದ ಬಳಿಯಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಕೆಲ್ಸಿ ಪ್ಲಮ್ ಅವರ 3,527 ಅಂಕಗಳ ದಾಖಲೆ ಮುರಿಯಿತು. ಆ ರಾತ್ರಿ ಕ್ಲಾರ್ಕ್ ಒಟ್ಟು 49 ಅಂಕ ಗಳಿಸಿದರು. ಅಮೆರಿಕದ ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಸಂಸ್ಥೆಯ ಪುಸ್ತಕದ ಪ್ರಕಾರ, ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಅಂದಿನಿಂದ ಅವರೇ.

ಆ ಪುಸ್ತಕ ತಪ್ಪು ಹೇಳುತ್ತಿತ್ತು. ಅಂದಿಗೆ ಕ್ಲಾರ್ಕ್‌ಗಿಂತ ಮುಂದಿದ್ದ ಇನ್ನೊಬ್ಬ ಆಟಗಾರ್ತಿಯ ಹೆಸರೇ ಅದರಲ್ಲಿರಲಿಲ್ಲ.

ಆಕೆ ಲಿನೆಟ್ ವುಡರ್ಡ್. 1977ರಿಂದ 1981ರವರೆಗೆ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಆಡಿ 139 ಪಂದ್ಯಗಳಲ್ಲಿ 3,649 ಅಂಕ ಗಳಿಸಿದವರು. ಆಗ ಮೂರು ಅಂಕದ ಗೆರೆ ಇರಲಿಲ್ಲ. ಎಷ್ಟೇ ದೂರದಿಂದ ಎಸೆದರೂ ಸಿಗುತ್ತಿದ್ದದ್ದು ಎರಡೇ ಅಂಕ. ಮಹಿಳೆಯರಿಗೆಂದು ಚಿಕ್ಕ ಚೆಂಡು ಬಂದದ್ದು 1984ರಲ್ಲಿ. ಅಲ್ಲಿಯವರೆಗೆ ಗಂಡಸರ ಅಳತೆಯ ಚೆಂಡಿನಲ್ಲೇ ಆಡಬೇಕಿತ್ತು. ಅದೇ 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ನಾಯಕಿ ವುಡರ್ಡ್. ಮರುವರ್ಷ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಸೇರಿದ ಮೊದಲ ಮಹಿಳೆಯೂ ಅವರೇ. ಇಂಥವರನ್ನು ಪುಸ್ತಕದಿಂದ ಹೊರಗಿಟ್ಟದ್ದಕ್ಕೆ ಕಾರಣ ಒಂದೇ: ಅವರ ಕಾಲದಲ್ಲಿ ಮಹಿಳಾ ಕ್ರೀಡೆಯನ್ನು ನಡೆಸುತ್ತಿದ್ದದ್ದು ಎಐಎಡಬ್ಲ್ಯು ಎಂಬ ಬೇರೆ ಸಂಸ್ಥೆ.

ಆ ಸಂಸ್ಥೆ ಏನಾಯಿತು ಎಂಬುದನ್ನೂ ಹೇಳಬೇಕು. 1972ರ ಟೈಟಲ್ ನೈನ್ ಕಾನೂನು ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಅವಕಾಶದ ಬಾಗಿಲು ತೆರೆದಾಗ, ಅವರಿಗಾಗಿ ರಾಷ್ಟ್ರಮಟ್ಟದ ಪಂದ್ಯಾವಳಿಗಳನ್ನು ಕಟ್ಟಿ ಬೆಳೆಸಿದ್ದು ಎಐಎಡಬ್ಲ್ಯು. ಬೆಳೆ ಕೈಗೆ ಬರುವ ಹೊತ್ತಿಗೆ ಎನ್‌ಸಿಎಎ ಗದ್ದೆಗೆ ಇಳಿಯಿತು. 1982ರಲ್ಲಿ ತನ್ನದೇ ಮಹಿಳಾ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಆರಂಭಿಸಿತು. ಅದರ ಹಣಬಲದ ಮುಂದೆ ಎಐಎಡಬ್ಲ್ಯು ನಿಲ್ಲಲಾಗಲಿಲ್ಲ. ಕೋರ್ಟಿಗೆ ಹೋಗಿ ಅಲ್ಲೂ ಸೋತಿತು. ಎದುರಾಳಿ ಸಂಸ್ಥೆಯನ್ನು ಮುಚ್ಚುವಂತೆ ಮಾಡಿ, ಅಲ್ಲಿ ಆಡಿದವರ ಅಂಕಗಳು ನಮ್ಮ ಕಾಲದವಲ್ಲ ಎನ್ನುವುದು ಯಾವ ನ್ಯಾಯ?

ಬೇರೆ ಸಂಸ್ಥೆಯ ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂಬ ವಾದವಾದರೂ ಗಟ್ಟಿಯೇ? ಟೆನೆಸ್ಸೀ ತಂಡದ ಕೋಚ್ ಆಗಿದ್ದ ಪ್ಯಾಟ್ ಸಮ್ಮಿಟ್ ಅವರ ಹೆಸರಿನಲ್ಲಿ 1,098 ಗೆಲುವುಗಳಿವೆ. ಅವರು ಕೋಚ್ ಆದದ್ದು 1974ರಲ್ಲಿ. ಎಐಎಡಬ್ಲ್ಯು ಕಾಲದ ಗೆಲುವುಗಳೂ ಆ 1,098ರಲ್ಲಿ ಸೇರಿವೆ, ಸೇರಲೇಬೇಕು. ಅದೇ ಕಾಲದಲ್ಲಿ ಕೋಚ್ ಗೆದ್ದ ಪಂದ್ಯ ಗೆಲುವಾಗುವುದಾದರೆ, ಆಟಗಾರ್ತಿ ಹಾಕಿದ ಬುಟ್ಟಿ ಅಂಕವಾಗದೇ ಹೋಗುವುದು ಹೇಗೆ?

ಇದು ಕ್ಲಾರ್ಕ್ ಮೇಲಿನ ದೂರಲ್ಲ. ಪಾಯಿಂಟ್ ಗಾರ್ಡ್‌ನ ಮೊದಲ ಕೆಲಸ ಆಟ ಕಟ್ಟುವುದು, ಸಹ ಆಟಗಾರ್ತಿಯರಿಗೆ ಚೆಂಡು ಒದಗಿಸುವುದು. ಅದನ್ನು ಮಾಡುತ್ತಲೇ ನಾಲ್ಕು ವರ್ಷಗಳಲ್ಲಿ 3,951 ಅಂಕ, 1,144 ಅಸಿಸ್ಟ್ ಗಳಿಸಿದ ಆಟಗಾರ್ತಿ ಅವರು. 2023 ಮತ್ತು 2024ರ ಎರಡೂ ಫೈನಲ್‌ಗಳಲ್ಲಿ ಅಯೋವಾ ಸೋತಿತು, ನಿಜ. ಆದರೆ 2024ರ ಫೈನಲ್ ಅನ್ನು ಟಿ.ವಿ.ಯಲ್ಲಿ 1.8 ಕೋಟಿಗೂ ಹೆಚ್ಚು ಜನ ನೋಡಿದರು. ಗಂಡಸರ ಫೈನಲ್‌ಗಿಂತ ಹೆಂಗಸರ ಫೈನಲ್‌ಗೆ ಹೆಚ್ಚು ವೀಕ್ಷಕರು ಸಿಕ್ಕಿದ್ದು ಅದೇ ಮೊದಲು. ಇಷ್ಟು ಸಾಧಿಸಿದವರಿಗೆ ಅರ್ಧ ಸತ್ಯದ ಕಿರೀಟ ಬೇಕಿರಲಿಲ್ಲ.

ಅಷ್ಟಕ್ಕೂ ಅವರು ವುಡರ್ಡ್ ಅವರನ್ನು ನಿಜವಾಗಿ ದಾಟಿದರು. ಫೆಬ್ರುವರಿ 28ರಂದು, ಮಿನ್ನೆಸೋಟಾ ತಂಡದ ಅಂಕಣದಲ್ಲಿ, 33 ಅಂಕ ಗಳಿಸಿ. ಸಂಭ್ರಮಿಸಬೇಕಿದ್ದ ದಿನ ಅದು. ಆದರೆ ಎನ್‌ಸಿಎಎ ಪುಸ್ತಕದಲ್ಲಿ ಅಂದು ಯಾವ ದಾಖಲೆಯೂ ಮುರಿಯಲಿಲ್ಲ. ವುಡರ್ಡ್ ಅವರದೇ ನಿಜವಾದ ದಾಖಲೆ ಎಂದು ಬಾಯಿಬಿಟ್ಟು ಹೇಳಿದ್ದು ಅಯೋವಾದ ಕೋಚ್ ಲೀಸಾ ಬ್ಲೂಡರ್. ತಮ್ಮದೇ ಆಟಗಾರ್ತಿಯ ಹೊಸ ಕಿರೀಟದ ಬಗ್ಗೆ ಹಾಗೆ ಮಾತನಾಡಲು ದೊಡ್ಡ ಮನಸ್ಸು ಬೇಕು.

ನಾಲ್ಕು ದಿನ ಬಿಟ್ಟು, ಮಾರ್ಚ್ 3ರಂದು, ಕ್ಲಾರ್ಕ್ ಗಂಡಸರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ದಾಖಲೆಯಾದ ಪೀಟ್ ಮರಾವಿಚ್ ಅವರ 3,667 ಅಂಕಗಳನ್ನೂ ಹಿಂದಿಕ್ಕಿದರು. ಮರಾವಿಚ್ ಆಡಿದ್ದು ಮೂರೇ ವರ್ಷ, 83 ಪಂದ್ಯ, ಮೂರು ಅಂಕದ ಗೆರೆ ಅವರಿಗಿರಲಿಲ್ಲ ಎಂದು ಆಗ ಅನೇಕರು ತಕರಾರು ತೆಗೆದರು. ತಪ್ಪೇನಿಲ್ಲ, ಕೇಳಬೇಕಾದ ಮಾತೇ. ಆದರೆ ಆ ಗೆರೆ ವುಡರ್ಡ್ ಅವರಿಗೂ ಇರಲಿಲ್ಲ. ಆ ನ್ಯಾಯ ಅವರಿಗೂ ಸಲ್ಲಬೇಡವೇ?

ಅಂದು ಅಯೋವಾದ ಅಂಗಣಕ್ಕೆ ವುಡರ್ಡ್ ಅವರೇ ಬಂದಿದ್ದರು. ಜನ ಎದ್ದು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಸಾಲದು, ಪುಸ್ತಕದಲ್ಲಿ ಅವರ ಸಾಲು ಬರಬೇಕು. ಅದರ ಜೊತೆಗೆ ಪರ್ಲ್ ಮೋರ್ ಅವರದೂ ಬರಬೇಕು. 1975ರಿಂದ 1979ರವರೆಗೆ ಸಣ್ಣ ಕಾಲೇಜುಗಳಿಗೆ, ಬಹುಪಾಲು ಸೌತ್ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ಕಾಲೇಜಿಗೆ, ಆಡಿದ ಮೋರ್ ಅವರ ಒಟ್ಟು ಅಂಕ 4,061. ಕ್ಲಾರ್ಕ್ ಕಾಲೇಜು ಬಿಟ್ಟು ಹೊರಟಾಗಲೂ ಆ ಸಂಖ್ಯೆಗೆ 110 ಅಂಕ ಹಿಂದಿದ್ದರು.